ನಾಯಿಗೆ ಮನೆಯಲ್ಲೇ ಸಲೈನ್: ಚೀಟಿಯಲ್ಲಿ ಬಾಟಲಿಯ ಹೆಸರಷ್ಟೇ ಇದ್ದರೆ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಕಿಡ್ನಿ ಸೋತ ಮುದಿ ನಾಯಿಗೆ ದಿನಾ ಇಲ್ಲವೇ ದಿನ ಬಿಟ್ಟು ದಿನ ಚರ್ಮದಡಿ ಸಲೈನ್ ಕೊಡಿ ಎಂದು ವೈದ್ಯರು ಹೇಳುವುದು ಈಗ ನಮ್ಮ ಕಡೆಯೂ ರೂಢಿಗೆ ಬಂದಿದೆ. ಒಳ್ಳೆಯದೇ. ತಿಕೋಟಾ, ಇಂಡಿ, ಕೊಲ್ಹಾರದ ಆಚೆಯ ತೋಟದ ವಸ್ತಿಗಳಿಂದ ದಿನಾ ನಾಯಿಯನ್ನು ಎತ್ತಿಕೊಂಡು ವಿಜಯಪುರಕ್ಕೆ ಬರುವುದು ಆಗದ ಮಾತು. ಬಂದರೂ ಬಿಸಿಲಲ್ಲಿ ಬೈಕಿನ ಮೇಲೆ ಬಂದ ನಾಯಿ ಇನ್ನಷ್ಟು ಒಣಗಿರುತ್ತದೆ. ಹಾಗಾಗಿ ಬಾಟಲಿ ಮನೆಗೆ ಹೋಗುತ್ತದೆ. ಅದರ ಜೊತೆ ಹೋಗಬೇಕಾದ ವಿವರ ಮಾತ್ರ ಹೋಗುವುದಿಲ್ಲ. ಚೀಟಿಯಲ್ಲಿ ‘ಆರ್.ಎಲ್. 500’ (ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ನೀರು) ಎಂದಷ್ಟೇ ಇರುತ್ತದೆ. ಓದಿದವರು ಅರ್ಧ ಲೀಟರನ್ನೂ ಒಂದೇ ಸಲಕ್ಕೆ ಹರಿಸಿಬಿಡುತ್ತಾರೆ.

500 ಎಂಬುದು ಬಾಟಲಿಯ ಅಳತೆ, ನಾಯಿಗೆ ಕೊಡಬೇಕಾದ ಅಳತೆಯಲ್ಲ. ಚರ್ಮದಡಿ ಕೊಡುವಾಗ ಒಂದು ಸಲಕ್ಕೆ ನಾಯಿಯ ತೂಕದ ಪ್ರತಿ ಕೆ.ಜಿ.ಗೆ 10ರಿಂದ 20 ಮಿಲಿ ಎಂಬುದು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. 6 ಕೆ.ಜಿ.ಯ ಪೊಮೆರೇನಿಯನ್‌ಗೆ ಇದು 60ರಿಂದ 120 ಮಿಲಿ. ಪೂರ್ತಿ ಬಾಟಲಿ ಹೋದರೆ ಕೆ.ಜಿ.ಗೆ 83 ಮಿಲಿ ಆಯಿತು. 22 ಕೆ.ಜಿ.ಯ ಮುಧೋಳ ನಾಯಿಗೆ 220ರಿಂದ 440 ಮಿಲಿ. ಈ ಎರಡು ಅಂಕಿಗಳ ನಡುವೆ ಎಲ್ಲಿ ನಿಲ್ಲಬೇಕು, ವಾರಕ್ಕೆ ಎಷ್ಟು ಸಲ ಎಂಬುದು ರಕ್ತ ಪರೀಕ್ಷೆ, ಹೃದಯ, ರಕ್ತದೊತ್ತಡ ನೋಡಿ ವೈದ್ಯರೇ ಹೇಳಬೇಕಾದದ್ದು. ಆದರೆ ಹೇಳಲೇಬೇಕು, ಅದೂ ಮಿಲಿ ಲೆಕ್ಕದಲ್ಲಿ ಬರೆದು. ಹೇಳದಿದ್ದರೆ ನಾಯಿಯವರು ಚೀಟಿ ಹಿಡಿದು ಮತ್ತೆ ಒಳಗೆ ಹೋಗಿ ‘ಸಾಹೇಬ್ರ, ಒಂದು ಪಾಳಿಗೆ ಎಷ್ಟು ಮಿಲಿ ರೀ?’ ಎಂದು ಕೇಳಿ ಬರೆಸಿಕೊಳ್ಳಬೇಕು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಸಲೈನ್ ಏನು ಮಾಡುತ್ತದೆ ಎಂಬುದರಲ್ಲೇ ಗೊಂದಲವಿದೆ. ಕೆಟ್ಟ ಕಿಡ್ನಿಗೆ ಉಚ್ಚೆಯನ್ನು ಗಟ್ಟಿ ಮಾಡುವ ಶಕ್ತಿ ಹೋಗಿರುತ್ತದೆ. ನಾಯಿ ಹೆಚ್ಚು ಉಚ್ಚೆ ಹೊಯ್ಯುತ್ತದೆ, ಅದನ್ನು ತುಂಬಿಸಿಕೊಳ್ಳಲು ಹೆಚ್ಚು ನೀರು ಕುಡಿಯುತ್ತದೆ. ಜನ ಇದನ್ನು ತಿರುಗಾಮುರುಗಾ ತಿಳಿದು, ನೀರು ಕುಡಿದದ್ದಕ್ಕೇ ರಾತ್ರಿ ಪಡಸಾಲೆಯಲ್ಲಿ ಹೊಯ್ಯುತ್ತದೆಂದು ಸಂಜೆಯೇ ನೀರಿನ ಬೋಗುಣಿ ಎತ್ತಿಡುತ್ತಾರೆ. ಬೆಳಗಾಗುವಷ್ಟರಲ್ಲಿ ನಾಯಿ ಒಣಗಿರುತ್ತದೆ. ಮೈಯಲ್ಲಿ ನೀರು ಕಡಿಮೆಯಾದಷ್ಟೂ ಕಿಡ್ನಿಗೆ ಹರಿಯುವ ರಕ್ತ ಕಡಿಮೆ; ಹೊರಹೋಗಬೇಕಾದ ಕೊಳೆ ರಕ್ತದಲ್ಲೇ ಉಳಿದು ವಾಂತಿ, ಬಾಯಿಹುಣ್ಣು, ಬಾಯಿಯಿಂದ ಕೆಟ್ಟ ವಾಸನೆ; ವಾಂತಿಯಿಂದ ಮತ್ತಷ್ಟು ಒಣಗುವುದು. ಸಲೈನ್ ಮಾಡುವ ಕೆಲಸ ಈ ಒಣಗುವಿಕೆಯನ್ನು ತಡೆಯುವುದು. ಸತ್ತ ಕಿಡ್ನಿಯ ಭಾಗವನ್ನು ಅದು ಬದುಕಿಸುವುದಿಲ್ಲ. ಆದ್ದರಿಂದ ತಿಂದುಂಡು ಓಡಾಡಿಕೊಂಡಿರುವ ನಾಯಿಗೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕೊಳೆ ರಕ್ತದಲ್ಲಿ ಸ್ವಲ್ಪ ಏರಿದೆ ಎಂಬ ಒಂದೇ ಕಾರಣಕ್ಕೆ ಸೂಜಿ ಚುಚ್ಚತೊಡಗುವುದು ವ್ಯರ್ಥ. 0.9 ಶೇಕಡಾ ಸಲೈನಿನ 500 ಮಿಲಿ ಬಾಟಲಿಯಲ್ಲಿ 4.5 ಗ್ರಾಂ ಉಪ್ಪಿರುತ್ತದೆ, ಆರ್.ಎಲ್. ಬಾಟಲಿಯಲ್ಲಿ 3 ಗ್ರಾಂ, ಅದರ ಮೇಲೆ ಸೋಡಿಯಂ ಲ್ಯಾಕ್ಟೇಟ್ ಬೇರೆ. ಬೇಡದ ನಾಯಿಗೆ ಈ ಉಪ್ಪು ಹೃದಯಕ್ಕೂ ರಕ್ತದೊತ್ತಡಕ್ಕೂ ಹೊರೆ. ಬಾಯಿಯಿಂದ ಕುಡಿದ ನೀರಿನಲ್ಲಿ ಆ ಹೊರೆ ಇಲ್ಲ. ಅನ್ನವನ್ನು ತೆಳ್ಳಗೆ ಗಂಜಿ ಮಾಡಿ ಕೊಡುವುದು, ಎರಡು ಮೂರು ಕಡೆ ನೀರಿಡುವುದು ಮೊದಲ ಚಿಕಿತ್ಸೆ. ಅದು ಸಾಲದಾದಾಗ ಸೂಜಿ.

ಈಗ ಬಾಟಲಿಯ ವಿಷಯ. ನಮ್ಮಲ್ಲಿ ಎಲ್ಲಕ್ಕೂ ‘ಸಲೈನ್’, ‘ಗ್ಲೂಕೋಸ್’ ಎಂದೇ ಕರೆಯುವುದರಿಂದ ಔಷಧ ಅಂಗಡಿಯಲ್ಲಿ ಕೈಗೆ ಬಂದದ್ದನ್ನು ಕೊಡುವುದುಂಟು. ಚರ್ಮದಡಿಗೆ ಸಾಮಾನ್ಯವಾಗಿ ಬಳಸುವುದು ಎರಡು: ರಿಂಗರ್ ಲ್ಯಾಕ್ಟೇಟ್, ಅಂದರೆ ಆರ್.ಎಲ್.; ಅಥವಾ 0.9 ಶೇಕಡಾ ಸೋಡಿಯಂ ಕ್ಲೋರೈಡ್, ಅಂದರೆ ಎನ್.ಎಸ್. ಕಿಡ್ನಿ ನಾಯಿಗಳಿಗೆ ಹೆಚ್ಚಾಗಿ ಆರ್.ಎಲ್. ಬರೆಯುತ್ತಾರೆ, ಚುಚ್ಚಿದಾಗ ಉರಿಯೂ ಕಡಿಮೆ. ಡೆಕ್ಸ್‌ಟ್ರೋಸ್ 5 ಶೇಕಡಾ, ಡಿ.ಎನ್.ಎಸ್. (ಸಕ್ಕರೆ ಬೆರೆತ ಸಲೈನ್) ಎಂದು ಬರೆದ ಬಾಟಲಿಗಳನ್ನು ಚರ್ಮದಡಿ ಕೊಡಬಾರದು. ಸಕ್ಕರೆಯ ನೀರು ಸುತ್ತಲಿನ ಲವಣವನ್ನೂ ನೀರನ್ನೂ ತನ್ನತ್ತ ಎಳೆದುಕೊಂಡು ಅಲ್ಲೇ ನಿಲ್ಲುತ್ತದೆ, ಒಣಗಿದ ನಾಯಿ ಇನ್ನಷ್ಟು ಕುಸಿಯುತ್ತದೆ, ಚುಚ್ಚಿದ ಜಾಗ ಕೀವುಗಟ್ಟುವ ಭಯವೂ ಇದೆ. ‘ತಾಕತ್ತು ಬರಲಿ’ ಎಂದು ವಿಟಮಿನ್ ಇಂಜೆಕ್ಷನನ್ನು ಬಾಟಲಿಗೆ ಬೆರೆಸುವುದೂ ಬೇಡ. ಪೊಟ್ಯಾಸಿಯಂ ಬೆರೆಸುವುದಂತೂ ವೈದ್ಯರು ರಕ್ತದ ಅಂಕಿ ನೋಡಿ, ತಾವೇ ಅಳೆದು ಮಾಡಬೇಕಾದ ಕೆಲಸ. ಹೆಚ್ಚಾದರೆ ಹೃದಯ ನಿಲ್ಲುತ್ತದೆ.

ಬಾಟಲಿ ಜೊತೆಗೆ ಬೇಕಾದದ್ದು ಒಂದು ಡ್ರಿಪ್ ಸೆಟ್, ಸೂಜಿಗಳು, ಸ್ಪಿರಿಟ್, ಹತ್ತಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಸೂಜಿಯ ಬುಡದ ಬಣ್ಣವೇ ಅದರ ಅಳತೆ ಹೇಳುತ್ತದೆ: ಗುಲಾಬಿ 18, ಹಳದಿ 20, ಹಸಿರು 21, ನೀಲಿ 23. ಅಂಕಿ ಹೆಚ್ಚಾದಷ್ಟೂ ಸೂಜಿ ಸಣ್ಣ. ನೀಲಿಯಲ್ಲಿ 200 ಮಿಲಿ ಹರಿಯಲು ಅಷ್ಟು ಹೊತ್ತು ಹಿಡಿಯುತ್ತದೆ, ನಾಯಿಯ ತಾಳ್ಮೆ ಅದಕ್ಕೂ ಮೊದಲೇ ಮುಗಿಯುತ್ತದೆ. ದೊಡ್ಡ ನಾಯಿಗೆ 18, ಸಣ್ಣದಕ್ಕೆ 20 ಅನುಕೂಲ. ಒಂದೂವರೆ ಇಂಚಿನ ಸೂಜಿಗಿಂತ ಒಂದು ಇಂಚಿನದು ಒಳ್ಳೆಯದು. ಮುಧೋಳ ನಾಯಿಯಂಥ ಬಡಕಲು ಮೈಯವುಗಳಲ್ಲಿ ಚರ್ಮ ತೆಳು, ಕೆಳಗೆ ಕೊಬ್ಬೇ ಇಲ್ಲ. ಉದ್ದ ಸೂಜಿ ಮಡಿಕೆಯ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬಂದು ನೀರೆಲ್ಲ ಕೂದಲಿಗೆ ಹೋಗುತ್ತದೆ. ಪ್ರತಿ ಸಲ ಹೊಸ ಸೂಜಿ. ಒಮ್ಮೆ ಚುಚ್ಚಿದ ಸೂಜಿಯ ಮೊನೆ ಮೊಂಡಾಗಿರುತ್ತದೆ. ಎರಡನೇ ಸಲ ನಾಯಿಗೆ ಆಗುವ ನೋವು ಮೂರನೇ ಸಲ ಅದು ಹತ್ತಿರ ಬರದಂತೆ ಮಾಡುತ್ತದೆ.

ಡ್ರಿಪ್ ಸೆಟ್ ಕೊಳ್ಳುವಾಗ ಗಾಳಿ ಕಿಂಡಿ ಇದೆಯೇ ನೋಡಿ. ಹನಿ ಬೀಳುವ ಚೇಂಬರಿನ ಮೇಲೆ, ಬಾಟಲಿಗೆ ಚುಚ್ಚುವ ಮೊನೆಯ ಪಕ್ಕದಲ್ಲಿ ಸಣ್ಣ ಮುಚ್ಚಳವೊಂದಿರುತ್ತದೆ, ಅದರೊಳಗೆ ಬಿಳಿಯ ಫಿಲ್ಟರ್. ಬಾಟಲಿ ಗಡುಸಾಗಿದ್ದರೆ ನೀರು ಇಳಿದಷ್ಟು ಗಾಳಿ ಒಳಗೆ ಹೋಗಲೇಬೇಕು, ಆಗ ಈ ಮುಚ್ಚಳ ತೆರೆಯಬೇಕು. ತೆರೆಯದಿದ್ದರೆ ಮೊದಲು ಚೆನ್ನಾಗಿ ಹರಿದು, ಕಾಲು ಭಾಗ ಇಳಿಯುವಷ್ಟರಲ್ಲಿ ನಿಧಾನವಾಗಿ, ಕೊನೆಗೆ ನಿಂತೇಬಿಡುತ್ತದೆ. ಜನ ಸೂಜಿ ಸರಿಯಿಲ್ಲವೆಂದು ಕಿತ್ತು ಮತ್ತೆ ಚುಚ್ಚುತ್ತಾರೆ. ಕಿಂಡಿ ಇಲ್ಲದ ಸೆಟ್ಟಾದರೆ ಬಾಟಲಿಯ ತಲೆಗೆ ಇನ್ನೊಂದು ಸೂಜಿ ಚುಚ್ಚಿ ಗಾಳಿ ಬಿಡುವ ಅಭ್ಯಾಸ ದವಾಖಾನೆಗಳಲ್ಲೂ ಇದೆ. ಕೆಲಸವೇನೋ ಆಗುತ್ತದೆ. ಆದರೆ ಕೊಟ್ಟಿಗೆಯ ಪಕ್ಕದ ಪಡಸಾಲೆಯ ಗಾಳಿ ನೇರ ಬಾಟಲಿಗೆ ಹೋದ ಮೇಲೆ ಉಳಿದ ನೀರನ್ನು ನಾಳೆಗೆ ಇಡುವ ಹಾಗಿಲ್ಲ. ಈ ಬಾಟಲಿಗಳಲ್ಲಿ ಕೆಡದಂತೆ ತಡೆಯುವ ಔಷಧ ಯಾವುದೂ ಇರುವುದಿಲ್ಲ. ತಯಾರಕರು ಅದನ್ನು ಒಂದೇ ಬಳಕೆಗೆಂದು ಮಾಡಿರುತ್ತಾರೆ. ಸಣ್ಣ ನಾಯಿಯವರು 100 ಮಿಲಿಯ ಬಾಟಲಿ ಸಿಕ್ಕರೆ ಅದನ್ನೇ ತರಲಿ. 500ರ ಬಾಟಲಿಯನ್ನು ಉಳಿಸಿಕೊಂಡು ವಾರಗಟ್ಟಲೆ ಬಳಸುವ ಜಿಪುಣತನ ಕೀವಿನಲ್ಲಿ ಮುಗಿಯುತ್ತದೆ.

ಕೊಡುವ ವಿಧಾನ ಹೀಗೆ. ಸೋಪಿನಿಂದ ಕೈ ತೊಳೆದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ: ಕಸ ತೇಲುತ್ತಿದ್ದರೆ, ಮಬ್ಬಾಗಿದ್ದರೆ, ಒತ್ತಿದಾಗ ಜಿನುಗಿದರೆ, ಅವಧಿ ಮುಗಿದಿದ್ದರೆ ಬಿಸಾಡಿ. ಸೆಟ್ಟಿನ ರೋಲರ್ ಚಕ್ರವನ್ನು ಮೊದಲೇ ಪೂರ್ತಿ ಮುಚ್ಚಿ. ಬಾಟಲಿಯ ರಬ್ಬರನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಸೆಟ್ಟಿನ ಮೊನೆಯನ್ನು ನೆಟ್ಟಗೆ ಒತ್ತಿ. ಬಾಟಲಿ ತಲೆಕೆಳಗಾಗಿ ಹಿಡಿದು ಚೇಂಬರನ್ನು ಹಿಸುಕಿ ಬಿಟ್ಟರೆ ನೀರು ತುಂಬುತ್ತದೆ; ಅರ್ಧಕ್ಕೆ ನಿಲ್ಲಿಸಿ. ಪೂರ್ತಿ ತುಂಬಿದರೆ ಹನಿ ಕಾಣುವುದಿಲ್ಲ, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಹಾಗೇನಾದರೂ ತುಂಬಿದರೆ ಬಾಟಲಿ ನೆಟ್ಟಗೆ ಮಾಡಿ ಚೇಂಬರ್ ಹಿಸುಕಿ ಒಂದಿಷ್ಟು ನೀರನ್ನು ವಾಪಸು ಕಳಿಸಬಹುದು. ಆಮೇಲೆ ರೋಲರ್ ತೆರೆದು ನಳಿಕೆಯ ಗಾಳಿಯನ್ನೆಲ್ಲ ಹೊರಗೆ ಬಿಟ್ಟು ಮತ್ತೆ ಮುಚ್ಚಿ, ಹೊಸ ಸೂಜಿ ಸಿಕ್ಕಿಸಿ. ಒಂದೆರಡು ಗುಳ್ಳೆ ಉಳಿದರೆ ಗಾಬರಿ ಬೇಡ. ರಕ್ತನಾಳಕ್ಕೆ ಕೊಡುವಾಗ ಗಾಳಿ ಅಪಾಯ. ಚರ್ಮದಡಿ ಅದು ಕೈಗೆ ಚರಚರ ಎನ್ನುತ್ತದೆ, ತಾನಾಗಿ ಹೋಗುತ್ತದೆ.

ಈ ಹಂತದಲ್ಲಿ ಬಾಟಲಿ, ಸೆಟ್ಟು, ಮುಚ್ಚಳವಿರುವ ಸೂಜಿ ಎಲ್ಲವನ್ನೂ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ಒಂದು ಮಿಲಿ ಹೆಚ್ಚುಕಡಿಮೆ ಒಂದು ಗ್ರಾಂ. ಶುರುವಿಗೆ 530 ಗ್ರಾಂ ಇದ್ದದ್ದು 330ಕ್ಕೆ ಬಂದರೆ 200 ಮಿಲಿ ಹೋಯಿತು. ಬಾಟಲಿಯ ಮೇಲಿನ ಗೆರೆಗಳನ್ನು ಪೂರ್ತಿ ನೆಚ್ಚುವಂತಿಲ್ಲ. ತೆಳು ಪ್ಲಾಸ್ಟಿಕ್ ಬಾಟಲಿ ಒಳಕ್ಕೆ ಕುಗ್ಗಿದಾಗ ನೀರಿನ ಮಟ್ಟ ಇದ್ದುದಕ್ಕಿಂತ ಮೇಲೆ ಕಾಣುತ್ತದೆ. ಕಡಿಮೆ ಹೋಗಿದೆ ಎಂದುಕೊಂಡು ಹೆಚ್ಚು ಕೊಡುತ್ತೇವೆ. ಗೆರೆಯನ್ನು ನಡುವೆ ಅಂದಾಜಿಗೆ ನೋಡಿ, ಕೊನೆಯ ಲೆಕ್ಕ ತಕ್ಕಡಿಯದ್ದೇ ಇರಲಿ. ನಾಯಿ ಸಣ್ಣದಿದ್ದಷ್ಟೂ ಈ ಮಾತು ಮುಖ್ಯ, 6 ಕೆ.ಜಿ.ಯ ನಾಯಿಗೆ 50 ಮಿಲಿ ಹೆಚ್ಚುಕಡಿಮೆ ಎಂದರೆ ಅರ್ಧ ಪಾಳಿಯ ವ್ಯತ್ಯಾಸ.

ಬಾಟಲಿ ಬಿಸಿ ಮಾಡಬೇಕೇ ಎಂದು ಕೇಳುವವರಿದ್ದಾರೆ. ಚಳಿಗಾಲದ ಬೆಳಿಗ್ಗೆ ಹೌದು: ಉಗುರುಬೆಚ್ಚಗಿನ ನೀರಿನ ಬಕೀಟಿನಲ್ಲಿ ಹತ್ತು ನಿಮಿಷ ಇಟ್ಟು, ಒಂದೆರಡು ಹನಿ ಮುಂಗೈ ಒಳಭಾಗಕ್ಕೆ ಬಿಟ್ಟು ನೋಡಿದರಾಯಿತು, ನಾಯಿಯ ಮೈಯಷ್ಟೇ ಬೆಚ್ಚಗಿರಬೇಕು, ಬಿಸಿ ಅನ್ನಿಸಕೂಡದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಆ ಕಷ್ಟವೇ ಇಲ್ಲ, ತೊಂದರೆ ಇರುವುದು ಇನ್ನೊಂದು ಕಡೆ. ಪತ್ರಾಸಿನ ಕೆಳಗೆ, ಕಿಟಕಿಯ ಬಿಸಿಲಿಗೆ, ಕಾರಿನ ಡಿಕ್ಕಿಯಲ್ಲಿ ಇಟ್ಟ ಬಾಟಲಿ ಸುಡುವಷ್ಟು ಕಾದಿರುತ್ತದೆ. ಅಂಥದ್ದನ್ನು ಚರ್ಮದಡಿ ಬಿಟ್ಟರೆ ಒಳಗಿನ ಮಾಂಸ ಬೇಯುತ್ತದೆ. ಮನೆಯ ತಂಪು ಮೂಲೆಯಲ್ಲಿ ನೆಲದ ಮೇಲೆ ಇಡಿ.

ನಾಯಿಯನ್ನು ಗೋಡೆಯ ಮೂಲೆಗೆ ಚಾದರದ ಮೇಲೆ ಕೂರಿಸಿ ಅಥವಾ ಮಲಗಿಸಿ. ಒಬ್ಬರು ತಲೆಯ ಬಳಿ, ಒಬ್ಬರು ಸೂಜಿಯ ಬಳಿ. ಮುಧೋಳ ನಾಯಿಗೆ ಅಪರಿಚಿತರು ಮೈ ಮುಟ್ಟುವುದು ಸೇರದು. ಸೂಜಿ ಹಿಡಿಯುವವರು ದಿನಾ ಅನ್ನ ಹಾಕುವವರೇ ಆಗಿರಲಿ. ಬಾಟಲಿ ನಾಯಿಯ ಬೆನ್ನಿಗಿಂತ ಮೂರಡಿ ಮೇಲೆ ಮೊಳೆಗೆ ತೂಗಲಿ. ಎರಡು ಹೆಗಲ ಮೂಳೆಗಳ ನಡುವಿನ ಸಡಿಲ ಚರ್ಮವನ್ನು ಹೆಬ್ಬೆರಳು ಮತ್ತು ನಡುಬೆರಳಿನಿಂದ ಎತ್ತಿ, ತೋರುಬೆರಳಿನಿಂದ ಮಡಿಕೆಯ ಮುಂದಿನ ತುದಿಯನ್ನು ಒತ್ತಿದರೆ ಅಲ್ಲೊಂದು ಕುಳಿ ಬೀಳುತ್ತದೆ. ಚುಚ್ಚಬೇಕಾದದ್ದು ಆ ಕುಳಿಯ ಬುಡಕ್ಕೆ, ಬೆನ್ನೆಲುಬಿಗೆ ಸಮಾನಾಂತರವಾಗಿ, ಬಾಲದ ಕಡೆಗೆ ಮೊನೆ ಮಾಡಿ. ಸೂಜಿಯ ಓರೆ ಬಾಯಿ ಮೇಲಿರಲಿ. ಮೆಲ್ಲಗೆ ಒತ್ತುತ್ತ ಕೂತರೆ ನೋವು ಹೆಚ್ಚು, ಒಂದೇ ದೃಢ ಒತ್ತಿಗೆ ಒಳಹೋಗಬೇಕು. ಚರ್ಮ ದಾಟಿದಾಗ ತಡೆ ಬಿಟ್ಟುಕೊಟ್ಟದ್ದು ಬೆರಳಿಗೆ ಗೊತ್ತಾಗುತ್ತದೆ. ಮುಕ್ಕಾಲು ಭಾಗ ಒಳಗೆ ಬಿಟ್ಟು, ಮಡಿಕೆ ಸಡಿಲಿಸಿ, ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ರೋಲರ್ ತೆರೆಯಿರಿ.

ನೀರು ಧಾರೆಯಾಗಿಯೋ ಬಿಡುವಿಲ್ಲದ ಹನಿಯಾಗಿಯೋ ಬೀಳಬೇಕು. ತಡೆದು ತಡೆದು ಬೀಳುತ್ತಿದ್ದರೆ ಸೂಜಿಯ ಬಾಯಿ ಒಳಗಿನ ಪೊರೆಗೆ ಅಂಟಿಕೊಂಡಿದೆ. ಬುಡ ಹಿಡಿದು ಸ್ವಲ್ಪ ತಿರುಗಿಸಿ, ಇಲ್ಲವೇ ಕೂದಲೆಳೆಯಷ್ಟು ಹಿಂದೆ ಎಳೆಯಿರಿ. ಆಗಲೂ ಬರದಿದ್ದರೆ ನಳಿಕೆ ಎಲ್ಲಾದರೂ ನಾಯಿಯ ಮೈ ಕೆಳಗೆ ಮಡಚಿದೆಯೇ, ಗಾಳಿ ಕಿಂಡಿ ಮುಚ್ಚಿದೆಯೇ ನೋಡಿ. ಸೂಜಿ ಕೀಳುವುದು ಕೊನೆಯ ಉಪಾಯ. ನಳಿಕೆಯಲ್ಲಿ ರಕ್ತ ಕಂಡರೆ ರೋಲರ್ ಮುಚ್ಚಿ, ಸೂಜಿ ತೆಗೆದು, ಒತ್ತಿ ಹಿಡಿದು, ಬೇರೆ ಸೂಜಿಯಿಂದ ಬೇರೆ ಕಡೆ ಚುಚ್ಚಬೇಕು. ಹರಿವಿನ ವೇಗಕ್ಕೆ ರಕ್ತನಾಳದ ಡ್ರಿಪ್ಪಿನಷ್ಟು ಬಿಗಿ ನಿಯಮವಿಲ್ಲ. ನಾಯಿ ಸುಮ್ಮನೆ ಕೂತಿರುವ ವೇಗವೇ ಸರಿಯಾದ ವೇಗ. ಚಡಪಡಿಸಿದರೆ ಬಾಟಲಿ ಒಂದಡಿ ಕೆಳಗಿಳಿಸಿ. ಒಂದೇ ಜಾಗಕ್ಕೆ ಕೆ.ಜಿ.ಗೆ 10 ಮಿಲಿಗಿಂತ ಹೆಚ್ಚು ಬೇಡ. 22 ಕೆ.ಜಿ.ಯ ನಾಯಿಗೆ 400 ಬರೆದಿದ್ದರೆ ಹೆಗಲ ನಡುವೆ 200, ಅಲ್ಲಿಂದ ಒಂದು ಗೇಣು ಹಿಂದೆ ಪಕ್ಕೆಯ ಮೇಲೆ 200. ನಾಳೆ ಎಡಕ್ಕಿದ್ದದ್ದು ಬಲಕ್ಕೆ.

ಮುಗಿದ ಮೇಲೆ ರೋಲರ್ ಮುಚ್ಚಿ, ಸೂಜಿ ತೆಗೆದು, ರಂಧ್ರವನ್ನು ಒಂದು ನಿಮಿಷ ಚಿವುಟಿ ಹಿಡಿಯಿರಿ. ನಾಲ್ಕಾರು ಹನಿ ಸೋರಿದರೆ, ಅದು ನಸುಗೆಂಪಾಗಿದ್ದರೂ ಚಿಂತೆಯಿಲ್ಲ. ಬೆನ್ನ ಮೇಲೆ ಮೆತ್ತನೆಯ ಗಂಟೊಂದು ನಿಲ್ಲುತ್ತದೆ. ತಾಸೆರಡು ತಾಸಿನಲ್ಲಿ ಅದು ಕೆಳಗೆ ಜಾರಿ ಮುಂಗಾಲಿನ ಮೊಣಕೈ ಬಳಿ ಜೋತುಬೀಳುವುದೂ ಉಂಟು. ಇದನ್ನು ಬಾವು ಎಂದು ತಿಳಿದು ಅರಿಸಿನ ಹಚ್ಚಿ ಶಾಖ ಕೊಡುವವರಿದ್ದಾರೆ, ಬೇಡ. ಸಾಮಾನ್ಯವಾಗಿ ಆರರಿಂದ ಹನ್ನೆರಡು ತಾಸಿನಲ್ಲಿ ಇಂಗುತ್ತದೆ. ಮರುದಿನ ಸೂಜಿ ಹಿಡಿಯುವ ಹೊತ್ತಿಗೂ ಗಂಟು ಹಾಗೆಯೇ ಇದ್ದರೆ ಅದರ ಮೇಲೆ ಇನ್ನೊಂದು ಪಾಳಿ ಕೊಡಲೇಬಾರದು, ವೈದ್ಯರಿಗೆ ಫೋನ್ ಮಾಡಬೇಕು. ನೀರು ಇಂಗುತ್ತಿಲ್ಲ ಎಂದರೆ ಒಂದೋ ಚರ್ಮಕ್ಕೆ ರಕ್ತ ಹರಿಯುತ್ತಿಲ್ಲ, ಇಲ್ಲವೇ ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿದಿದೆ, ಇಲ್ಲವೇ ಮೈಯಲ್ಲಿ ಆಗಲೇ ನೀರು ಹೆಚ್ಚಾಗಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಗಂಟು ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನಾಯಿ ಗುರ್ ಎಂದರೆ ಅದು ಸೋಂಕು. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಎಂಬುದು ನೆನಪಿರಲಿ; ನಮ್ಮ ಲೆಕ್ಕದಲ್ಲಿ ಅದನ್ನು ಜ್ವರ ಎಂದುಕೊಳ್ಳಬಾರದು.

ನಿಲ್ಲಿಸಬೇಕಾದ ಲಕ್ಷಣಗಳನ್ನು ಗೋಡೆಗೆ ಬರೆದು ಅಂಟಿಸಿದರೂ ತಪ್ಪಿಲ್ಲ. ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. 30ರ ಒಳಗಿರಬೇಕು. ದಿನಾ 18, 20 ಇದ್ದದ್ದು 35, 40ಕ್ಕೆ ಏರಿದರೆ ಶ್ವಾಸಕೋಶಕ್ಕೆ ನೀರು ಹೋಗುತ್ತಿರಬಹುದು. ಮುಂದಿನ ಪಾಳಿ ನಿಲ್ಲಿಸಿ ಅಂದೇ ದವಾಖಾನೆಗೆ ಒಯ್ಯಿರಿ. ಹೊಸದಾಗಿ ಕೆಮ್ಮು, ಮೂಗಿನಿಂದ ತಿಳಿನೀರು, ಕಾಲು ಊದುವುದು, ಮಲಗಲಾರದೆ ಕೂತೇ ಇರುವುದು ಇದೇ ಸಾಲಿನವು. ತೂಕವೂ ಹೇಳುತ್ತದೆ. ನಾಯಿಯನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆದರೆ ಸಾಕು. ರಾತ್ರಿ ಬೆಳಗಾಗುವುದರಲ್ಲಿ ಒಂದು ಕೆ.ಜಿ. ಏರಿದರೆ ಅದು ಮಾಂಸವಲ್ಲ, ಒಂದು ಲೀಟರ್ ನೀರು. ಮುದಿ ಪೊಮೆರೇನಿಯನ್‌ನಂಥ ಸಣ್ಣ ಜಾತಿಗಳಲ್ಲಿ ಹೃದಯದ ಕವಾಟ ಸೋರುವುದು ಸಾಮಾನ್ಯ. ಅವುಗಳ ಎದೆಗೆ ಸ್ಟೆತಸ್ಕೋಪ್ ಇಡದೆ ಸಲೈನ್ ಶುರುಮಾಡಲೇಬಾರದು.

ಇನ್ನೂ ಒಂದು ಸಂದರ್ಭದಲ್ಲಿ ಮನೆಯ ಬಾಟಲಿ ನಂಬಿ ಕೂರಬಾರದು. ನಾಯಿ ಎದ್ದು ನಿಲ್ಲಲಾರದೆ ಬಿದ್ದಿದ್ದರೆ, ವಾಂತಿ ನಿಲ್ಲದಿದ್ದರೆ, ಕಿವಿ ಕಾಲು ತಣ್ಣಗಾಗಿದ್ದರೆ, ಹನ್ನೆರಡು ತಾಸು ಉಚ್ಚೆಯೇ ಹೊಯ್ಯದಿದ್ದರೆ ಚರ್ಮದಡಿಯ ನೀರು ರಕ್ತಕ್ಕೆ ಬೇಕಾದಷ್ಟು ಬೇಗ ಸೇರುವುದಿಲ್ಲ. ಅದಕ್ಕೆ ರಕ್ತನಾಳದ ಡ್ರಿಪ್ಪೇ ಬೇಕು, ಅದು ದವಾಖಾನೆಯಲ್ಲೇ ಆಗಬೇಕು. ಓಣಿಯಲ್ಲಿ ಮನುಷ್ಯರಿಗೆ ಸಲೈನ್ ಹಚ್ಚುವವರನ್ನು ಕರೆಸಿ ನಾಯಿಯ ಕಾಲಿನ ನರಕ್ಕೆ ಹಚ್ಚಿಸುವುದು ಬೇಡ. ಮನುಷ್ಯರಿಗೆ ರೂಢಿಯಾದ ವೇಗ 6 ಕೆ.ಜಿ.ಯ ನಾಯಿಗೆ ಪ್ರಾಣಾಪಾಯ. ಒಣಗಿದೆಯೋ ಇಲ್ಲವೋ ಎಂದು ನೋಡಲು ಬೆನ್ನಿನ ಚರ್ಮ ಎತ್ತಿ ಬಿಡುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ, ಆದರೆ ಮುದಿ, ಬಡಕಲು ನಾಯಿಯ ಚರ್ಮ ನೀರಿದ್ದರೂ ತಟ್ಟನೆ ಕೆಳಗಿಳಿಯುವುದಿಲ್ಲ. ಒಸಡು ಮುಟ್ಟಿ ನೋಡಿ. ಜಾರಿದರೆ ಸರಿ, ಬೆರಳಿಗೆ ಅಂಟಿದರೆ ಒಣಗಿದೆ.

ರಕ್ತ ಪರೀಕ್ಷೆಯ ಕಾಗದದ ಬಗ್ಗೆ ಎರಡು ಮಾತು. ನಮ್ಮ ಊರುಗಳಲ್ಲಿ ನಾಯಿಯ ರಕ್ತ ಬಹಳ ಸಲ ಮನುಷ್ಯರ ಲ್ಯಾಬಿಗೇ ಹೋಗುತ್ತದೆ. ಪಕ್ಕದಲ್ಲಿ ಅಚ್ಚಾದ ‘ಸಹಜ ಮಿತಿ’ ಮನುಷ್ಯರದ್ದು. ಪಶುವೈದ್ಯರು ಬಳಸುವ ಐರಿಸ್ ವರ್ಗೀಕರಣದಲ್ಲಿ ನಾಯಿಯ ಕ್ರಿಯಾಟಿನಿನ್ ಡೆಸಿಲೀಟರಿಗೆ 1.4ರಿಂದ 2.8 ಮಿಲಿಗ್ರಾಂ ಇದ್ದರೆ ಕಿಡ್ನಿ ರೋಗದ ಎರಡನೇ ಹಂತ, 2.9ರಿಂದ 5 ಮೂರನೆಯದು, 5 ದಾಟಿದರೆ ನಾಲ್ಕನೆಯದು. ಇದು ನಾಯಿ ಒಣಗಿರದಾಗ ತೆಗೆದ ರಕ್ತದ ಲೆಕ್ಕ. ಒಣಗಿದಾಗಿನ ಅಂಕಿ ನೋಡಿ ಎದೆಗುಂದಬೇಕಿಲ್ಲ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ಆದ್ದರಿಂದ ಮೈ ಕರಗಿದ ಮುದಿ ನಾಯಿಯಲ್ಲಿ ಅಂಕಿ ಇಳಿದಿದ್ದರೆ ಕಿಡ್ನಿ ಸುಧಾರಿಸಿತು ಎಂದು ಹಿಗ್ಗುವಂತೆಯೂ ಇಲ್ಲ. ಇನ್ನು ಯೂರಿಯಾ: ಕೆಲವು ಲ್ಯಾಬುಗಳು ಯೂರಿಯಾ ಎಂದು, ಕೆಲವು ಬಿ.ಯು.ಎನ್. (ಯೂರಿಯಾದಲ್ಲಿನ ಸಾರಜನಕದ ಭಾಗವಷ್ಟೇ) ಎಂದು ಬರೆಯುತ್ತವೆ. ಬಿ.ಯು.ಎನ್. ಅಂಕಿಯನ್ನು 2.14ರಿಂದ ಗುಣಿಸಿದರೆ ಯೂರಿಯಾ. ಕಳೆದ ತಿಂಗಳು 40 ಇದ್ದದ್ದು ಈ ತಿಂಗಳು 86 ಆಯಿತೆಂದು ಅಳುತ್ತ ಬಂದವರ ಕೈಯಲ್ಲಿ ಎರಡು ಬೇರೆ ಲ್ಯಾಬಿನ ಕಾಗದವಿದ್ದು, ಮೊದಲನೆಯದು ಬಿ.ಯು.ಎನ್., ಎರಡನೆಯದು ಯೂರಿಯಾ ಆಗಿದ್ದರೆ ಎರಡೂ ಒಂದೇ ಅಂಕಿ.

ಆಹಾರ, ಗುಳಿಗೆಗಳದ್ದು ಇನ್ನೊಂದು ಪತ್ರದಷ್ಟು ವಿಷಯ. ಎಲುಬು, ಲಿವರ್, ಹಾಲಿನಲ್ಲಿ ರಂಜಕ ಹೆಚ್ಚು, ಕಿಡ್ನಿ ನಾಯಿಗೆ ಅವು ಬೇಡ ಎಂದಷ್ಟೇ ಇಲ್ಲಿ ಹೇಳುತ್ತೇವೆ. ಆದರೆ ದ್ರಾಕ್ಷಿಯ ಜಿಲ್ಲೆಯಲ್ಲಿದ್ದು ಒಂದು ಮಾತು ಬಿಡುವಂತಿಲ್ಲ: ದ್ರಾಕ್ಷಿ, ಮನೂಕ (ಒಣದ್ರಾಕ್ಷಿ) ಎರಡೂ ನಾಯಿಯ ಕಿಡ್ನಿಗೆ ವಿಷ. ಎಷ್ಟು ತಿಂದರೆ ಅಪಾಯ ಎಂಬುದಕ್ಕೆ ಎಲ್ಲ ನಾಯಿಗೂ ಒಂದೇ ಮಿತಿ ಇಲ್ಲ. ದೊಡ್ಡ ನಾಯಿಯೂ ಸ್ವಲ್ಪಕ್ಕೇ ಕುಸಿಯಬಹುದು. ಮನೂಕ ಒಣಗಿಸುವ ಶೆಡ್ಡಿಗೆ ಕಾವಲಿಗೆಂದು ನಾಯಿ ಬಿಡುವವರು, ಮನೂಕ ಹಾಕಿದ ಶಿರಾ ಉಳಿದದ್ದನ್ನು ನಾಯಿಗೆ ಸುರಿಯುವವರು ಇದನ್ನು ಗಮನಿಸಬೇಕು. ತಿಂದದ್ದು ಗೊತ್ತಾದರೆ ವಾಂತಿಯಾಗಲಿ ಎಂದು ಕಾಯದೆ ಆ ತಾಸಿನಲ್ಲೇ ವೈದ್ಯರ ಬಳಿ ಒಯ್ಯಬೇಕು. ಕುಂಟುವ ಮುದಿ ನಾಯಿಗೆ ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಳಿಗೆ ಕೊಡುವುದೂ ಕಿಡ್ನಿಗೆ ಕೊಟ್ಟ ಪೆಟ್ಟೇ. ಕಿಡ್ನಿ ಕೆಟ್ಟದ್ದು ಇಲಿಜ್ವರದಿಂದ ಎಂಬ ಅನುಮಾನವಿದ್ದರೆ ಉಚ್ಚೆ ಒರೆಸುವಾಗ ಕೈಗವಸು ಬೇಕು. ಅದು ಮನುಷ್ಯರಿಗೂ ಅಂಟುತ್ತದೆ.

ಬಳಸಿದ ಸೂಜಿ ತಿಪ್ಪೆಗೆ ಬೀಳುತ್ತಿದೆ, ಕಸದ ಗಾಡಿಯವರ ಕೈಗೆ ಚುಚ್ಚುತ್ತಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಮನೆಯ ಸೂಜಿ, ಸಿರಿಂಜುಗಳನ್ನು ಗೃಹ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿ ಬೇರೆಯಾಗಿಡಲು ಹೇಳಲಾಗಿತ್ತು. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುವ ಬದಲು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ನೇರ ಬಿಡಿ, ಮುಕ್ಕಾಲು ತುಂಬಿದಾಗ ಟೇಪು ಸುತ್ತಿ ಚಿಕಿತ್ಸೆ ನೀಡಿದ ದವಾಖಾನೆಗೇ ಕೊಡಿ. ದವಾಖಾನೆಗಳು ‘ನಮ್ಮಲ್ಲಿ ಬೇಡ’ ಎನ್ನದೆ ತೆಗೆದುಕೊಳ್ಳಬೇಕು. ಅವರ ಸೂಜಿ ಹೋಗುವ ಕಡೆಗೇ ಇದೂ ಹೋಗುತ್ತದೆ.

ಪಶುಪಾಲನಾ ಇಲಾಖೆಯಿಂದ ನಾವು ಕೇಳುವುದು ಹೊಸ ಯೋಜನೆಯನ್ನಲ್ಲ. ತಾಲೂಕು ಪಶು ದವಾಖಾನೆಗಳಲ್ಲಿ ಮನೆಗೆ ಬಾಟಲಿ ಬರೆದುಕೊಡುವ ಮುನ್ನ ಮೊದಲ ಪಾಳಿಯನ್ನು ನಾಯಿಯವರ ಕೈಯಿಂದಲೇ ವೈದ್ಯರ ಎದುರು ಕೊಡಿಸಲಿ. ಹದಿನೈದು ನಿಮಿಷದ ಕೆಲಸ. ಚೀಟಿಯಲ್ಲಿ ನಾಯಿಯ ತೂಕ, ದ್ರವದ ಹೆಸರು, ಒಂದು ಪಾಳಿಗೆ ಎಷ್ಟು ಮಿಲಿ, ವಾರಕ್ಕೆ ಎಷ್ಟು ಪಾಳಿ, ಮತ್ತೆ ರಕ್ತ ಪರೀಕ್ಷೆ ಯಾವ ತಾರೀಖಿಗೆ ಎಂಬ ಐದು ಸಾಲು ಇರಲಿ. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳ ತಳಿಯ ತೆಳು ಚರ್ಮ, ಬಡಕಲು ಮೈಗೆ ಹೊಂದುವ ಅಳತೆಗಳನ್ನು ಚಿತ್ರಸಹಿತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲು ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. 1962ಕ್ಕೆ ಕರೆ ಮಾಡಿದರೆ ದನಕರುಗಳಿಗಾಗಿ ವಸ್ತಿಯವರೆಗೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳಲ್ಲಿ ಆ ಹಾಳೆಯ ಒಂದು ಕಟ್ಟು ಇಟ್ಟರೆ ತಿಕೋಟಾ, ಕೊಲ್ಹಾರದ ಆಚೆಗೂ ಅದು ತಲುಪುತ್ತದೆ. ಬರುವ ಬೇಸಿಗೆಗೆ ಮುನ್ನ ಇಷ್ಟಾಗಲಿ.

ಇಂತಿ,
ಸಾಕುನಾಯಿಗಳ ಆರೈಕೆಯಲ್ಲಿರುವ ಓದುಗರು,
ವಿಜಯಪುರ